ಗೋಡೆ ಕಾಣುತ್ತದೆ, ಅವ್ವಂದಿರು ಕಾಣುವುದಿಲ್ಲ

ಹೂಳೂರು,
ಫೆಬ್ರವರಿ 30, 2178

ಹುಲಿಗೆಮ್ಮಾ,

ತಾರೀಖು ನೋಡಿ ನಗಬೇಡ. ಉರಿಬಿಸಿಲಿನ ಮೇ ತಿಂಗಳಲ್ಲಿ ಕೂಲಿಗೆ ಕರೆಯುವ ದಿನಗಳು ಕಡಿಮೆಯಾಗಲಿ ಎಂದು ನಮ್ಮ ಕೂಲಿಕಾರರು ಹಟ ಹಿಡಿದು ಆ ತಿಂಗಳ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಿದರು. ಪಂಚಾಂಗದವರು ಬಾಯಿ ಬಡಿದುಕೊಂಡರು. ಬಡಿದುಕೊಳ್ಳಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಮುದುಕಿಯಾದ ಮೇಲೆ ಕಲಿತವಳು. ಕೆಲವು ಮಾತು ನಿನ್ನ ಕಿವಿಗೆ ಒರಟಾಗಿ, ಕೆಲವು ಹುಚ್ಚಾಗಿ ಕೇಳಿಸಬಹುದು. ಮನ್ನಿಸಿ, ನಿನ್ನ ನಾಲಿಗೆಗೆ ತಕ್ಕಂತೆ ತಿರುಗಿಸಿಕೊಂಡು ಓದಿಕೋ.

ನಾನು ಗಾಳೆವ್ವ. ನಿನ್ನ ವಂಶದಲ್ಲಿ ನಿನ್ನಿಂದ ಐದನೇ ತಲೆಮಾರಿನವಳು. ನಿಮ್ಮೂರಿನ ಬೀದಿ ಗುಡಿಸುವ ಅವ್ವಂದಿರ ಸಂಘ ತಮ್ಮ ಮುಷ್ಕರದ ಚಿತ್ರಗಳನ್ನು ಮನೆಮಗಳೇ ತೆಗೆಯಲಿ ಎಂದು ತೀರ್ಮಾನಿಸಿ ನಿನಗೊಂದು ಕ್ಯಾಮೆರಾ ಕೊಡಿಸಲು ಹೊರಟಿದೆ. ಯಾವ ಬಾಡಿ, ಯಾವ ಲೆನ್ಸ್ ಎಂದು ನೀನು ತಲೆ ಕೆಡಿಸಿಕೊಂಡು ಕೂತಿದ್ದೀಯ. ನಿನಗೆ ಅದು ಮುಂದಿನ ವಾರದ ಕೆಲಸ. ನಮಗೆ ಅದು ನಡೆದುಹೋದದ್ದು. ಏನಾಯಿತು ಎಂದು ಹೇಳಲು ಈ ಕಾಗದ.

ನಮ್ಮಲ್ಲಿ ಹಿಂಬದಿ ಅಂಚೆ ಎಂಬುದಿದೆ, ಕಾಗದವನ್ನು ಕಳೆದ ಕಾಲಕ್ಕೆ ಮುಟ್ಟಿಸುವ ಅಂಚೆ. ಒಂದೊಂದು ಊರಿಗೆ ಒಂದು ತಲೆಮಾರಿನಲ್ಲಿ ಒಂದೇ ಕಾಗದ. ನಮ್ಮೂರಿನದನ್ನು ಕ್ಯಾಮೆರಾ ವಿಷಯಕ್ಕೆ ಬರೆಯೋಣ ಎಂದು ನಾನು ಸಭೆಯಲ್ಲಿ ಎದ್ದು ನಿಂತಾಗ ಅರ್ಧ ಊರು ನಕ್ಕಿತು. ನದಿ ಉಳಿಸಿ ಅಂತ ಬರಿಯವ್ವಾ, ಯುದ್ಧ ಬೇಡ ಅಂತ ಬರಿ, ಲೆನ್ಸಂತೆ ಲೆನ್ಸು, ನಿನಗೇನು ತಲೆ ನೆಟ್ಟಗಿದೆಯಾ ಎಂದರು. ಅವೆಲ್ಲವನ್ನೂ ಬೇರೆ ಊರಿನವರು ಬರೆದಾಗಿದೆ, ನಿಮ್ಮ ಕಾಲದ ದೊಡ್ಡವರು ಓದಿ ಮಡಿಚಿಟ್ಟಾಗಿದೆ ಎಂದೆ. ಮಾತು ಕೇಳದ ಸಾವಿರ ಜನಕ್ಕಿಂತ ಕೇಳುವ ಒಬ್ಬ ಹುಡುಗಿಗೆ ಬರೆಯೋಣ ಎಂದೆ. ಒಪ್ಪಿ ಕೈ ಎತ್ತಿದರು.

ಹೂಳೂರು ಎಂದರೆ ಹೂಳಿನ ಮೇಲೆ ನಿಂತ ಊರು. ನಿಮ್ಮ ಕಾಲದ ಒಂದು ಅಣೆಕಟ್ಟೆಯ ಒಡಲಲ್ಲಿ ಮಣ್ಣು ತುಂಬಿ ನೀರು ನಿಲ್ಲದಾಯಿತು. ಯಾರಿಗೂ ಬೇಡವಾದ ಆ ಕಪ್ಪು ಮಣ್ಣಿಗೆ ನಮ್ಮವರು ಬಂದು ಗುಡಿಸಲು ಹಾಕಿದರು. ಹಳೆಯ ತೂಬಿನ ಬಾಗಿಲುಗಳ ಕೆಳಗೆ ಶಾಲೆ ನಡೆಯುತ್ತದೆ. ಕಟ್ಟೆಯ ಗೋಡೆಯುದ್ದಕ್ಕೂ ಕುಂಬಳದ ಬಳ್ಳಿ ಹಬ್ಬಿದೆ. ಮಧ್ಯಾಹ್ನಕ್ಕೆ ನಾವು ನೆರಳುಹೊತ್ತು ಎನ್ನುತ್ತೇವೆ, ಆಗ ಯಾರನ್ನೂ ಹೊರಗೆ ದುಡಿಸುವಂತಿಲ್ಲ. ಆ ಹೊತ್ತಿನಲ್ಲಿ ಗಂಡಸರು ಸಜ್ಜೆ ರೊಟ್ಟಿ ತಟ್ಟುತ್ತಾರೆ. ದಪ್ಪಗೆ ತಟ್ಟುತ್ತಾರೆ, ಒಂದು ಕಡೆ ಸೀಯಿಸುತ್ತಾರೆ, ಆದರೂ ತಟ್ಟುತ್ತಾರೆ. ಮಲದ ಗುಂಡಿಗೆ ಮನುಷ್ಯ ಇಳಿಯುವುದು ಇಲ್ಲಿಲ್ಲ. ಒಂದು ಕಾಲಕ್ಕೆ ಇಳಿಯುತ್ತಿದ್ದರು ಎಂದರೆ ನಮ್ಮ ಮಕ್ಕಳು ಸುಳ್ಳು ಹೇಳಬೇಡಜ್ಜಿ ಎಂದು ನನ್ನನ್ನೇ ಗದರುತ್ತಾರೆ. ಆ ಗದರಿಕೆ ಕೇಳಿದಾಗಲೆಲ್ಲ ನನಗೆ ನಿಮ್ಮ ಮುಷ್ಕರ ನೆನಪಾಗುತ್ತದೆ. ನೀವು ಬೀದಿಯಲ್ಲಿ ಕೂತು ಗೆದ್ದದ್ದು ಅದು. ಜಾತಿ ಹೋಯಿತೇ ಎಂದು ಕೇಳುತ್ತೀಯ. ಇಲ್ಲ ಕಣೇ, ಹೋಗಿಲ್ಲ. ಮೇಲ್ದಂಡೆಯಲ್ಲಿ ಉಳ್ಳವರ ಗಾಜಿನ ಸೂರುಗಳ ಕೆಳಗೆ ತಣ್ಣಗೆ ಕೂತಿದೆ. ನಾವು ಅದರ ಬಾಗಿಲು ಬಡಿಯುವುದನ್ನು ಬಿಟ್ಟಿಲ್ಲ.

ಈಗ ಚಿತ್ರದ ಮಾತಿಗೆ ಬರುತ್ತೇನೆ. ಮುಷ್ಕರದಲ್ಲಿ ನೀನು ತೆಗೆದದ್ದರಲ್ಲಿ ಒಂದೇ ಒಂದು ನಮಗೆ ಉಳಿದಿದೆ. ನಡುಮಧ್ಯಾಹ್ನ, ಹೊಸದಾಗಿ ಸುಣ್ಣ ಹೊಡೆದ ಕಚೇರಿಯ ಗೋಡೆ, ಅದರ ಮುಂದೆ ಸಾಲಾಗಿ ನಿಂತ ಅವ್ವಂದಿರು. ಅವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದೇವೆ. ಹೂಳೂರಿನಲ್ಲಿ ಹುಟ್ಟಿದ ಮಗುವಿಗೆ ಮೊದಲು ಒಂದು ಕೂಗುಹೆಸರು, ಸುಮ್ಮನೆ ಕರೆಯಲು. ಮೊದಲ ಹಾಲುಹಲ್ಲು ಬಿದ್ದಾಗ ಆ ಚಿತ್ರದ ಮುಂದೆ ನಿಲ್ಲಿಸುತ್ತೇವೆ. ಸಾಲಿನಲ್ಲಿ ಒಬ್ಬಳನ್ನು ಮಗುವೇ ಬೆರಳಿಟ್ಟು ಆರಿಸಬೇಕು, ಅವಳ ಹೆಸರು ಹೊರಬೇಕು. ಹುಡುಗನಾದರೂ ಅಷ್ಟೆ. ನಮ್ಮೂರಿನ ಪೈಲ್ವಾನನ ಹೆಸರು ಹನುಮವ್ವ, ಹೇಳಿಕೊಳ್ಳಲು ಅವನಿಗೆ ಹೆಮ್ಮೆ.

ಆದರೆ ಆ ಚಿತ್ರದಲ್ಲಿ ಮುಖಗಳಿಲ್ಲ. ಗೋಡೆಯ ಸುಣ್ಣದ ಒಂದೊಂದು ಗೀರೂ ಕಾಣುತ್ತದೆ, ಕಿಟಕಿಯ ಸರಳು ಕಾಣುತ್ತದೆ. ಅವ್ವಂದಿರ ಮುಖವಿರಬೇಕಾದ ಕಡೆ ಬರೀ ಕಪ್ಪು ಕುಳಿ. ಸೀರೆ, ಬಳೆ, ಪೊರಕೆ ಹಿಡಿದ ಕೈ ನೋಡಿ ನಾವೆಲ್ಲ ಆರಿಸಿಕೊಂಡೆವು. ಸೊಂಟದ ಮೇಲೆ ಕೈಯಿಟ್ಟ ಗತ್ತು ನೋಡಿ ನಾನು ಗಾಳೆವ್ವನಾದೆ.

ನನ್ನ ಮೊಮ್ಮಗಳ ಕೂಗುಹೆಸರು ಹುರುಳಿ. ಹುರುಳಿಕಾಳಿನ ಬಣ್ಣ, ಅಷ್ಟೇ ಗಟ್ಟಿ. ಮಳೆಗಾಲದಲ್ಲಿ ಹಲ್ಲು ಬಿತ್ತು. ಊರೆಲ್ಲ ಸೇರಿತು. ಅವಳು ಸಾಲಿನ ಕೊನೆಯಲ್ಲಿ ಸೆರಗು ಬಿಗಿದು ನಿಂತವಳ ಮುಂದೆ ಹೋಗಿ ನಿಂತಳು. ನಿನ್ನ ಅವ್ವ ಸುಂಕ್ಲಮ್ಮನ ಮುಂದೆ. ಬೆರಳೆತ್ತಿದಳು, ಮತ್ತೆ ಇಳಿಸಿಬಿಟ್ಟಳು. ಈ ಅಜ್ಜಿ ಬೇಕು ನನಗೆ, ಆದರೆ ಇವಳಿಗೆ ಕಣ್ಣೆಲ್ಲಿ, ನಾನು ಬಂದಿದ್ದೀನಿ ಅಂತ ಇವಳಿಗೆ ಹೆಂಗೆ ಗೊತ್ತಾಗಬೇಕು ಎಂದಳು. ಪಕ್ಕದ ಮನೆಯ ದುರುಗವ್ವ ಸುಮ್ಮನಿರಲಿಲ್ಲ. ಏನೇ ಹಲ್ಲಿಲ್ಲದೋಳೆ, ಕಣ್ಣಿಲ್ಲದೋಳ ಹೆಸರಿಟ್ಟುಕೊಂಡು ನಾನು ಇಷ್ಟು ವರ್ಷ ಬಾಳಲಿಲ್ವಾ ಅಂದಳು. ಅದಕ್ಕೇ ನೀನು ಕಂಡಕಂಡಲ್ಲಿ ಎಡವೋದು ಅಂದಳು ಹುರುಳಿ. ನಕ್ಕೆವು. ಹುರುಳಿ ನಗಲಿಲ್ಲ. ಅಂದಿನಿಂದ ಆ ಮಗು ಹೆಸರಿಲ್ಲದೆ ಓಡಾಡುತ್ತಿದೆ. ಜೊತೆಯ ಮಕ್ಕಳು ಕಾಳೇ, ಕಾಳೇ ಎಂದು ರೇಗಿಸುತ್ತಾರೆ. ಅಳುತ್ತಾಳೆ. ಅತ್ತರೂ ಕಣ್ಣಿಲ್ಲದವಳ ಹೆಸರನ್ನು ಒಪ್ಪುವುದಿಲ್ಲ.

ಮೇಲ್ದಂಡೆಯವರ ಹತ್ತಿರ ಹೆಣಿಗೆಯಂತ್ರ ಇದೆ, ಇಲ್ಲದ್ದನ್ನು ಹೆಣೆದು ಚಿತ್ರ ತುಂಬುವ ಯಂತ್ರ. ಒಮ್ಮೆ ನಾನೇ ಸೋತು ಅವರಲ್ಲಿಗೆ ಹೋದೆ. ತುಂಬಿಕೊಟ್ಟರು. ಸುಂಕ್ಲಮ್ಮನ ಸೆರಗಿನೊಳಗಿಂದ ಒಬ್ಬಳು ಬೆಳ್ಳನೆಯ ಹೆಂಗಸು ನಗುತ್ತಿದ್ದಳು. ಮಕ್ಕಳಿಗೆ ಗಂಜಿಯಿಲ್ಲದೆ ಮುಷ್ಕರ ಕೂತವಳ ಮುಖದಲ್ಲಿ ಮದುವೆಮನೆಯ ನಗು! ಹುರುಳಿ ನೋಡಿ, ಈಯಮ್ಮ ಯಾರು, ನಮ್ಮನೆಗೆ ಯಾಕೆ ಬಂದಳು ಎಂದು ಕೇಳಿದಳು. ಅದನ್ನು ಒಲೆಗೆ ಹಾಕಿದೆ. ನಮ್ಮ ಬೆವರು ತಗೊಂಡಿರಿ, ನೀರು ತಗೊಂಡಿರಿ, ನಮ್ಮ ಅಜ್ಜಿಯರ ಮುಖಕ್ಕೆ ನಿಮ್ಮ ಮೂಗು ಅಂಟಿಸಬೇಡಿ ಎಂದು ಅವರ ಬಾಗಿಲಲ್ಲೇ ಕೂಗಿ ಬಂದೆ.

ಮುಖ ಯಾಕೆ ಮುಳುಗಿತು ಎಂಬುದನ್ನು ಹುಡುಕಿಕೊಂಡು ಹೋದವಳು ನಾನು, ಹಳೆಯ ಕ್ಯಾಮೆರಾಗಳ ವಿದ್ಯೆಯನ್ನೇ ಕಲಿತೆ. ನೀನು ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪ ಬಾಡಿ ಆರಿಸಿದೆ. ಯಾಕೆ ಎಂದೂ ನಮಗೆ ಗೊತ್ತು, ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಸಣ್ಣ ಕ್ಯಾಮೆರಾ ಹಿಡಿದು ಹೋದರೆ ಕಚೇರಿಯ ಗೇಟಿನವನು, ಏ, ಪೊರಕೆ ಎಲ್ಲಿ ಬಿಟ್ಟು ಬಂದೆ ಎಂದು ಕೇಳುತ್ತಾನೆ, ದೊಡ್ಡದು ಹಿಡಿದರೆ ಮೇಡಂ ಎನ್ನುತ್ತಾನೆ. ನಿನ್ನ ಎಣಿಕೆ ತಪ್ಪಲಿಲ್ಲ, ಮೇಡಂ ಎಂದೇ ಒಳಗೆ ಬಿಟ್ಟ. ಆ ಒಂದು ಮಾತಿಗಾಗಿ ಎಷ್ಟು ಅವಮಾನ ನುಂಗಿದ್ದೆಯೋ, ನಿನ್ನನ್ನು ಬೈಯಲು ನನ್ನಿಂದಾಗದು. ಆದರೆ ಗೇಟು ತೆಗೆಸಲು ಸಂಘ ಇದೆಯಲ್ಲವೇ? ಅವ್ವಂದಿರೆಲ್ಲ ಒಟ್ಟಿಗೆ ಹೋಗಿ ನಿಂತರೆ ಗೇಟೇನು, ಗೋಡೆಯೂ ಸರಿಯುತ್ತದೆ. ಕ್ಯಾಮೆರಾವನ್ನು ಗೇಟಿನವನಿಗಾಗಿ ಆರಿಸಬೇಡ.

ಬಾಡಿಯ ಮೇಲೇ ದುಡ್ಡೆಲ್ಲ ಸುರಿದು ಬಂದ ನಿನಗೆ ಲೆನ್ಸ್ ಎಂದು ಸಿಕ್ಕಿದ್ದು ಡಬ್ಬದ ಜೊತೆ ಬಂದ ಜೂಮ್ ಒಂದೇ. ನಿಂತಲ್ಲೇ ನಿಂತು ಉಂಗುರ ತಿರುಗಿಸಿದರೆ ಎಲ್ಲ ಹತ್ತಿರ ಬರುತ್ತದೆ ಎಂದು ಅಂಗಡಿಯವ ಹೇಳಿದ. ಹೊರಗೆ ಸಾಲಿನ ಚಿತ್ರ ತೆಗೆಯುವಾಗ ನೀನು ರಸ್ತೆಯ ಆಚೆಯೇ ನಿಂತೆ. ಚಿತ್ರದ ತುಂಬ ಬಿಳಿ ಗೋಡೆ ಬಂತು. ಕ್ಯಾಮೆರಾ ಎಂಬುದು ಕಂಡ ಬೆಳಕನ್ನೆಲ್ಲ ಸರಾಸರಿ ಮಾಡುತ್ತದೆ. ಬಿಳಿ ಹೆಚ್ಚಾಯಿತು ಎಂದು ತಾನಾಗೇ ಬೆಳಕನ್ನು ತಗ್ಗಿಸಿತು. ಗೋಡೆ ಚೆನ್ನಾಗಿ ಬಂತು, ನಮ್ಮ ಕಪ್ಪು ಮುಖಗಳು ಮುಳುಗಿದವು. ಯಂತ್ರಕ್ಕೂ ಗೋಡೆಯೇ ಮುಖ್ಯವಾಯಿತು ನೋಡು! ಮೇಲಾಗಿ ಆ ದಪ್ಪ ಬಾಡಿ ನಿನ್ನ ಮುಖವನ್ನೇ ಮುಚ್ಚಿತು. ಸುಂಕ್ಲಮ್ಮ ತಾನೇ ಯಾರ ಕಡೆ ನೋಡಬೇಕಿತ್ತು? ತಲೆ ತಗ್ಗಿಸಿದಳು.

ಅದಕ್ಕೇ ಹೇಳುತ್ತೇನೆ, ಮೊದಲು ಲೆನ್ಸ್ ಆರಿಸು. ಜೂಮ್ ಇಲ್ಲದ, ಬಾಯಿ ಅಗಲವಾಗಿ ತೆರೆಯುವ ಲೆನ್ಸ್ ತಗೋ, ಮೂವತ್ತೈದು ಎಂಎಂನದೋ ಐವತ್ತರದೋ. ಸೂರ್ಯ ಏಳುವ ಮೊದಲು ನಡೆಯುವ ಹಾಜರಿಯಲ್ಲೂ ಅದು ಮುಖ ಹಿಡಿಯುತ್ತದೆ. ದೂರ ನಿಂತರೆ ಅದರಲ್ಲಿ ಏನೂ ಸಿಗುವುದಿಲ್ಲ, ನೀನೇ ನಡೆದು ಹತ್ತಿರ ಹೋಗಬೇಕು. ಹೋಗು. ದೂರದಿಂದ ನಮ್ಮನ್ನು ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಹತ್ತಿರ ಹೋದರೆ ಮುಖ ತುಂಬುತ್ತದೆ, ಗೋಡೆ ಮೂಲೆಗೆ ಸರಿಯುತ್ತದೆ. ಲೆನ್ಸ್ ಮೊಮ್ಮಕ್ಕಳವರೆಗೂ ಬಾಳುತ್ತದೆ, ಬಾಡಿ ಕೆಲವೇ ವರ್ಷಕ್ಕೆ ಹಳತಾಗುತ್ತದೆ. ಉಳಿದ ದುಡ್ಡಿನಲ್ಲಿ ಬಾಡಿ ತಗೋ. ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳಬೇಡ, ನೆರಳಿನೊಳಗಿನ ಮುಖವನ್ನು ಅದು ಎಷ್ಟು ಉಳಿಸಿಕೊಳ್ಳುತ್ತದೆ ಎಂದು ಕೇಳು. ಚರ್ಮ ಬೆಳ್ಳಗೆ ಮಾಡುವ ಚಮತ್ಕಾರವಿದ್ದರೆ ಅಂಗಡಿಯವನೆದುರೇ ಅದನ್ನು ಬಂದ್ ಮಾಡಿಬಿಡು. ಬೆಳಕಿನ ಅಳತೆಯನ್ನು ಮುಖದ ಮೇಲೆ ಹಿಡಿ, ಗೋಡೆ ಬರೀ ಬಿಳಿಯಾಗಿ ಸುಟ್ಟುಹೋದರೆ ಹೋಗಲಿ. ರಾ ಫೈಲ್ ಉಳಿಸು. ಕ್ಯಾಮೆರಾ ಕಂಡ ಬೆಳಕೆಲ್ಲ ಅದರಲ್ಲಿ ಹಸಿಯಾಗೇ ಇರುತ್ತದೆ, ಮುಳುಗಿದ್ದನ್ನು ಮುಂದಿನವರು ಮೇಲೆತ್ತಬಹುದು. ನಮಗೆ ಎತ್ತಲು ಏನೂ ಉಳಿದಿರಲಿಲ್ಲ.

ನೀನು ಬೇರೆ ಆರಿಸಿದರೆ ಇಲ್ಲಿ ಗೋಡೆಗೆ ತೂಗುಹಾಕಿದ ಚಿತ್ರ ಬದಲಾಗುತ್ತದೆಯೇ? ಅಂಚೆಯವರನ್ನು ಕೇಳಿದೆ. ಆಗಬಹುದು, ಆಗದಿರಬಹುದು ಎಂದರು. ಹುರುಳಿಗೆ ಅಷ್ಟು ಸಾಕಾಯಿತು. ಬೆಳಗ್ಗೆ ಮುಖ ತೊಳೆದವಳೇ ಹೋಗಿ ಸುಂಕ್ಲಮ್ಮನ ಮುಂದೆ ನಿಲ್ಲುತ್ತಾಳೆ. ಬಂದಳೇನೇ ಎಂದು ದುರುಗವ್ವ ಬೀದಿಯಿಂದಲೇ ಕೂಗುತ್ತಾಳೆ. ಇನ್ನೂ ಇಲ್ಲ, ಬರ್ತಾಳೆ ಬಿಡು ಎನ್ನುತ್ತದೆ ಮಗು.

ಕಡೆಯದಾಗಿ ಒಂದು ಬೇಡಿಕೆ. ಅಂಗಡಿಗೆ ಒಬ್ಬಳೇ ಹೋಗಬೇಡ, ನಿನ್ನ ಅವ್ವನನ್ನು ಕರೆದುಕೊಂಡು ಹೋಗು. ಅಂಗಡಿಯವನು ತನ್ನ ಬೊಂಬೆಯ ಮೇಲೆ, ಹೂದಾನಿಯ ಮೇಲೆ ಪರೀಕ್ಷೆ ಮಾಡಿ ತೋರಿಸುತ್ತಾನೆ, ಒಪ್ಪಬೇಡ. ಬಾಗಿಲ ಬಿಸಿಲಿಗೆ ಬೆನ್ನು ಮಾಡಿ ಸುಂಕ್ಲಮ್ಮನನ್ನು ನಿಲ್ಲಿಸು. ಲೆನ್ಸ್ ಒಂದೊಂದೇ ಹಚ್ಚಿ ಚಿತ್ರ ತೆಗೆದು ನೋಡು. ಯಾವುದರಲ್ಲಿ ಅವಳ ಕಣ್ಣು ಕಾಣುತ್ತದೋ ಅದು ನಿನ್ನ ಕ್ಯಾಮೆರಾ. ಅವಳು ನಾಚಿ ಸೆರಗು ಮುಂದೆಳೆದುಕೊಂಡು, ನನ್ನ ಮುಖದಾಗೇನೈತಿ ಬಿಡವ್ವಾ ಎಂದರೆ, ತಲೆ ಎತ್ತಬೇ, ಒಂದು ಹುಡುಗಿ ನಿನ್ನ ನೋಡಬೇಕಂತೆ ಎಂದು ಹೇಳು.

ನಿನ್ನ,
ಗಾಳೆವ್ವ