ಮುಳ್ಳು ಈಗ ಹಾರುವುದಿಲ್ಲ

ಶುಕ್ರವಾರ, ಮಧ್ಯಾಹ್ನ

ರೀ,

ಏನೆಂದು ಕರೆದು ಶುರುಮಾಡಲಿ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಬಾಯಿಗೆ ಅಭ್ಯಾಸವಾದದ್ದೇ ಕೈಗೂ ಬಂತು. ನಾನೂ ಮಗಳೂ ಚೆನ್ನಾಗಿದ್ದೇವೆ. ಅಕ್ಕ, ಭಾವ ಕ್ಷೇಮ. ನಿಮ್ಮ ಕಾಗದ ಮೊನ್ನೆ ತಲುಪಿತು. ಫೋನಿನಲ್ಲಿ ಮಾತು ಎಲ್ಲಿಂದ ಹೊರಟರೂ ಜಗಳಕ್ಕೇ ಹೋಗಿ ನಿಲ್ಲುತ್ತದೆ ಎಂದು ಕಾಗದ ಬರೆದಿರಿ, ಒಳ್ಳೆಯದೇ ಮಾಡಿದಿರಿ. ಓದಿದೆ, ಮಡಿಸಿಟ್ಟೆ, ಹೊಲಿಯುತ್ತಿದ್ದ ಲಂಗದ ಅಂಚು ಮುಗಿಸಿ ಮತ್ತೆ ಓದಿದೆ. ಸಿಟ್ಟು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಸಂತೋಷವೂ ಆಗಲಿಲ್ಲ. ಈಚೆಗೆ ನನಗೆ ಏನೂ ಆಗುವುದಿಲ್ಲ, ಅದೊಂದು ನಿಮಗೆ ಗೊತ್ತಿರಲಿ.

ಹೊಸ ಸ್ಟ್ಯಾಂಡ್ ಬಂದ ಸಂಭ್ರಮ ನಿಮ್ಮ ಅಕ್ಷರದಲ್ಲೇ ಕಾಣುತ್ತಿತ್ತು. ಅಡಿಯಲ್ಲಿ ಸ್ಪ್ರಿಂಗು, ಅದರ ಮೇಲೆ ಮರಳು ತುಂಬಿದ ಪೆಟ್ಟಿಗೆ, ಅದರ ಮೇಲೆ ಕಲ್ಲಿನ ಚಪ್ಪಡಿ, ಚಪ್ಪಡಿಯ ಮೇಲೆ ರೆಕಾರ್ಡ್ ಪ್ಲೇಯರ್. ಅದನ್ನು ಇಟ್ಟಾಗಿನಿಂದ ಮುಳ್ಳು ಒಮ್ಮೆಯೂ ರೆಕಾರ್ಡಿನ ಗೆರೆ ತಪ್ಪಿ ಹಾರಿಲ್ಲ, ಹಾಡಿನಲ್ಲಿ ಮೊದಲು ಕೇಳಿಸದ ಉಸಿರೂ ಕೇಳಿಸುತ್ತಿದೆ ಎಂದು ಬರೆದಿದ್ದೀರಿ. ನೆಲ ಅದುರುವುದಕ್ಕೆ ಮದ್ದು ಸಿಕ್ಕಿತು, ಇನ್ನು ಮಗು ಬೇಕಾದಷ್ಟು ಕುಣಿಯಲಿ, ಭಾನುವಾರ ಇಬ್ಬರೂ ಮನೆಗೆ ಬನ್ನಿ ಎಂದೂ ಬರೆದಿದ್ದೀರಿ. ಇಲ್ಲಿಯ ಶಾಲೆಯವರು ಅವಳ ಹೆಸರು ಸೇರಿಸುವುದೋ ಬೇಡವೋ ಸೋಮವಾರ ಹೇಳಿಬಿಡಿ ಅಂದಿದ್ದಾರೆ. ಹಾಗಾಗಿ ನಾನೂ ಈಗಲೇ ಒಂದು ತೀರ್ಮಾನಕ್ಕೆ ಬರಬೇಕು.

ಅದಕ್ಕೆ ಮುಂಚೆ ಹಳೆಯ ವಾದವನ್ನು ಸ್ವಲ್ಪ ಆಡಿಬಿಡುತ್ತೇನೆ. ಎದುರಿಗಿದ್ದರೆ ನೀವು ಆಡಲು ಬಿಡುವುದಿಲ್ಲ. ಮೊದಲು ಪ್ಲೇಯರಿನ ಕೆಳಗಿಡಲು ರಬ್ಬರಿನ ಬಿಲ್ಲೆ ಬಂತು. ಆಮೇಲೆ ರಬ್ಬರು ದನಿಯನ್ನು ಮಂಕು ಮಾಡುತ್ತದೆ ಎಂದು ಹಿತ್ತಾಳೆಯ ಮೊನೆಗಾಲು ಬಂತು. ಮೊನೆಗಾಲು ನಮ್ಮ ಮಹಡಿ ಮನೆಯ ಹಲಗೆಯ ನೆಲವನ್ನು ಕೊರೆಯಿತು ಎಂದು ಅದರ ಕೆಳಗೆ ಇಡಲು ಬೇರೆ ಬಿಲ್ಲೆ ಬಂತು. ಸ್ಪೀಕರಿನ ವೈರು ನೆಲಕ್ಕೆ ತಾಗಬಾರದು ಎಂದು ಅದನ್ನು ಉದ್ದಕ್ಕೂ ಮರದ ತುಂಡುಗಳ ಮೇಲೆ ಎತ್ತಿಟ್ಟಿರಿ. ಭಾವ ಬಂದಾಗ ಅದನ್ನು ನೋಡಿ, ಯಾಕಪ್ಪಾ ವೈರಿಗೆ ಹುಷಾರಿಲ್ವಾ, ಮಂಚದ ಮೇಲೆ ಮಲಗಿಸಿದೀಯ ಅಂತ ಕೇಳಿದರು. ನೀವು ನಗಲಿಲ್ಲ. ಬಸ್ ಓಡಿಸಿ ಓಡಿಸಿ ಕಿವಿ ಹೋಗಿರೋರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಅಂದಿರಿ. ಭಾವ ಈಗಲೂ ಆ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಾರೆ, ನೀವು ತಪ್ಪು ತಿಳಿಯಬೇಡಿ.

ನನ್ನ ಪಾಡು ಇನ್ನೂ ಚೆನ್ನಾಗಿತ್ತು. ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಗಾಜು ಬದಲಿಸಿ ಬದಲಿಸಿ ಇದು ಸರಿಯೋ ಅದು ಸರಿಯೋ ಎಂದು ಜನರನ್ನು ಕೇಳುವ ನೀವು, ಮನೆಗೆ ಬಂದು ನನ್ನನ್ನು ಕೂರಿಸಿಕೊಂಡು ಬಿಲ್ಲೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅದೇ ಹಾಡು ಹಾಕುತ್ತಿದ್ದಿರಿ. ನನಗೆ ಎರಡೂ ಒಂದೇ. ಒಂದೇ ಅಂದರೆ ಮತ್ತೆ ಮೊದಲಿಂದ ಶುರು. ಅದಕ್ಕೆ ಯಾವಾಗಲೂ ಎರಡನೆಯದು ಚೆನ್ನಾಗಿದೆ ಅನ್ನುತ್ತಿದ್ದೆ, ಒಲೆ ಮೇಲೆ ಇಟ್ಟದ್ದು ಸೀದುಹೋಗಬಾರದಲ್ಲ. ನಿಮ್ಮ ಗೆಳೆಯರ ಮುಂದೆ, ನಮ್ಮವಳ ಕಿವಿ ಬಹಳ ಸೂಕ್ಷ್ಮ ಎಂದು ಹೇಳಿಕೊಂಡಿರಂತೆ.

ಬಿಲ್ಲೆಯಿಂದ ಆಗದಿದ್ದಾಗ, ನೆಲ ಅದುರಿಸುವುದನ್ನೆಲ್ಲ ಅಲ್ಲಿಂದ ತೆಗೆಯಲು ಹೊರಟಿರಿ. ನನ್ನ ಹೊಲಿಗೆ ಯಂತ್ರ ಅಡುಗೆಮನೆಗೆ ಹೋಯಿತು, ಅಲ್ಲಿಂದ ಬಾಲ್ಕನಿಗೆ. ನಾನು ಅಲ್ಲೇ ಬಿಸಿಲಿಗೆ ಬೆನ್ನು ಕೊಟ್ಟು ಗಿರಾಕಿಗಳ ಬಟ್ಟೆ ಹೊಲಿದೆ. ಆಮೇಲೆ ಮಗಳ ಸರದಿ. ಹೆಜ್ಜೆ ಇಡಲು ಕಲಿತಾಗಿನಿಂದ ಧಡಧಡ ನಡೆಯುತ್ತಾಳೆ ಎಂದು ಗುಡುಗಮ್ಮ ಅಂತ ಹೆಸರಿಟ್ಟವರೇ ನೀವು. ಅವಳಿಗೆ ಬೆಕ್ಕಿನ ನಡಿಗೆ ಎಂಬ ಆಟ ಕಲಿಸಿದಿರಿ. ರೆಕಾರ್ಡ್ ತಿರುಗುವಾಗ ತುದಿಗಾಲಲ್ಲಿ ನಡೆಯಬೇಕು. ಅದೂ ಸಾಲದೆ, ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೂರಬೇಕು. ಗದರಲಿಲ್ಲ, ಹೊಡೆಯಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಪ್ರೀತಿಯಿಂದಲೇ ಹೇಳಿದಿರಿ. ಅವಳೂ ಪ್ರೀತಿಯಿಂದಲೇ ಕೇಳಿದಳು.

ಆ ದಿನ ನಾನು ಬಾಲ್ಕನಿಯಲ್ಲಿದ್ದೆ. ಹಾಡು ನಿಂತಿತು ಎಂದು ಒಳಗೆ ಬಂದೆ. ಅವಳು ಕುರ್ಚಿಯ ಮೇಲೆ ಮಂಡಿ ಮಡಿಚಿಕೊಂಡು ಕೂತಿದ್ದಳು, ಕುರ್ಚಿಯಿಂದ ತೊಟ್ಟಿಕ್ಕುತ್ತಿತ್ತು. ಆರು ವರ್ಷದ ಹುಡುಗಿ. ಯಾಕಮ್ಮಾ ಇಳಿದು ಬಚ್ಚಲಿಗೆ ಹೋಗಲಿಲ್ಲ ಅಂದರೆ, ರೆಕಾರ್ಡ್ ಮುಗಿದಿರಲಿಲ್ಲ ಅಂದಳು. ನಾನೇನು ಹೋಗಬೇಡ ಅಂದಿದ್ನಾ ಎಂದು ನೀವು ನನ್ನನ್ನೇ ಕೇಳಿದಿರಿ. ಅಂದಿರಲಿಲ್ಲ, ನಿಜ. ನೀವೇ ಬಟ್ಟೆ ತಂದು ಕುರ್ಚಿ ಒರೆಸಿದಿರಿ, ಅವಳ ತಲೆ ಸವರಿದಿರಿ, ಆಮೇಲೆ ಹೋಗಿ ಮುಳ್ಳಿಗೆ ಏನಾದರೂ ಆಯಿತೋ ಎಂದು ಬಗ್ಗಿ ನೋಡಿದಿರಿ. ನಾನು ಅಂದೇ ಚೀಲ ಕಟ್ಟಿದೆ. ನನಗೆ ಆಗಿನಿಂದಲೂ ಹೀಗೇ, ಮರಗಟ್ಟಿದ ಹಾಗೆ ಇದೆ.

ಇಲ್ಲಿ ಅಕ್ಕನ ಮನೆ ನೆಲದ ಮೇಲೆಯೇ ಇದೆ, ಸಿಮೆಂಟಿನ ನೆಲ. ಆನೆ ನಡೆದರೂ ಅದುರುವುದಿಲ್ಲ. ಆದರೂ ಇವಳು ಕಾಲಿನ ಸದ್ದಾಗದಂತೆ ಹಿಂದೆ ಬಂದು ನಿಂತು ಅಕ್ಕನನ್ನು ದಿನಕ್ಕೊಮ್ಮೆ ಬೆಚ್ಚಿಬೀಳಿಸುತ್ತಾಳೆ. ಹಾಲು ಕದಿಯೋಕೆ ಬಂದ್ಯಾ ಅಂತ ಅಕ್ಕ ರೇಗಿಸುತ್ತಾಳೆ. ನಿಧಾನಕ್ಕೆ ಸರಿಹೋಗುತ್ತದೆ ಬಿಡಿ.

ಇರಲಿ. ನೀವೇ ಗೆದ್ದಿರಿ. ಸ್ಪ್ರಿಂಗಿನಿಂದಲೇ ಮುಳ್ಳು ಹಾರುವುದು ನಿಂತಿತು ಎಂದು ಒಪ್ಪಿಕೊಳ್ಳುತ್ತೇನೆ. ಬೇರೆ ಕಾರಣವೂ ಇರಬಹುದು ಎಂದು ಓದುತ್ತಿದ್ದಂತೆಯೇ ನನಗೆ ಹೊಳೆಯಿತು, ಅದನ್ನು ಬರೆದು ಇನ್ನೊಂದು ವಾದ ಕಟ್ಟಿಕೊಳ್ಳುವ ಹುರುಪು ನನ್ನಲ್ಲಿಲ್ಲ. ಬಾಲ್ಕನಿಯಲ್ಲಾದರೂ ಹೊಲಿಯುತ್ತೇನೆ, ಇಲ್ಲಾದರೂ ಹೊಲಿಯುತ್ತೇನೆ. ಅಕ್ಕ ಎಷ್ಟೇ ಒಳ್ಳೆಯವಳಾದರೂ ಅವಳ ಮನೆ ಅವಳದು. ಮಗಳಿಗೆ ಅಪ್ಪ ಬೇಕು. ದಿನಾ ಸಂಜೆ ನಿಮ್ಮ ಅಂಗಡಿ ಮುಚ್ಚುವ ಹೊತ್ತಿಗೆ, ಅಪ್ಪ ಈಗ ಬೀಗ ಹಾಕ್ತಿರ್ತಾರೆ ಅನ್ನುತ್ತಾಳೆ.

ಆದ್ದರಿಂದ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬರುತ್ತೇವೆ. ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಬಾಲ್ಕನಿಯಲ್ಲಿ ನನ್ನ ಯಂತ್ರದ ಜಾಗದಲ್ಲಿ ಸ್ಟ್ಯಾಂಡ್ ಬಂದ ರಟ್ಟಿನ ಪೆಟ್ಟಿಗೆ ಇಟ್ಟಿರುತ್ತೀರಿ, ನನಗೆ ಗೊತ್ತು, ಅದನ್ನು ತೆಗೆಯಿರಿ. ಅವಳಿಗೆ ಇನ್ನೂ ಹೇಳಿಲ್ಲ, ಇವತ್ತು ಊಟಕ್ಕೆ ಕೂತಾಗ ಹೇಳುತ್ತೇನೆ. ಭಾವನ ಬಸ್ಸು ನಾಳೆ ನಿಮ್ಮ ಕಡೆಗೇ ಬರುತ್ತದೆ, ಈ ಕಾಗದವನ್ನು ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಇಂತಿ,
ನಿಮ್ಮವಳು
(ಹಾಗೆಯೇ ಬರೆದು ರೂಢಿ)

ತಾ.ಕ.: ಶನಿವಾರ ಬೆಳಿಗ್ಗೆ. ಭಾವ ಚಹಾ ಕುಡಿಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಊಟದ ಹೊತ್ತಿಗೆ ಅವಳಿಗೆ ಹೇಳಿದೆ, ಅಪ್ಪನ ಮುಳ್ಳು ಈಗ ಹಾರುವುದೇ ಇಲ್ಲವಂತೆ, ನಾಡಿದ್ದು ಮನೆಗೆ ಹೋಗೋಣ ಎಂದು. ತಟ್ಟೆಯಲ್ಲಿ ಬೆರಳಾಡಿಸುತ್ತ ಸ್ವಲ್ಪ ಯೋಚಿಸಿದಳು. ಆಮೇಲೆ, ನಾನು ಇಲ್ಲಿಗೆ ಬಂದ್ನಲ್ಲ ಅಮ್ಮ, ಅದಕ್ಕೇ ಹಾರ್ತಿಲ್ಲ, ಹೋದ್ರೆ ಮತ್ತೆ ಹಾರುತ್ತೆ, ಅಪ್ಪಂಗೆ ಬೇಜಾರಾಗುತ್ತೆ, ಇಲ್ಲೇ ಇರೋಣ ಅಂದಳು. ಅಳುತ್ತ ಹೇಳಲಿಲ್ಲ. ನಿಮಗೊಂದು ಉಪಕಾರ ಮಾಡುವವಳ ಹಾಗೆ ಹೇಳಿ, ನೀರು ಕೇಳಿದಳು. ಇಷ್ಟು ದಿನ ಬಾರದ ಅಳು ನನಗೆ ಆಗ ಬಂತು. ನಾಳೆ ನಾವು ಬರುವುದಿಲ್ಲ. ಸೋಮವಾರ ಇಲ್ಲಿಯ ಶಾಲೆಗೇ ಸೇರಿಸುತ್ತೇನೆ. ಹಾಗೆಲ್ಲ ಏನಿಲ್ಲ ಮಗಳೇ ಅಂತ ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ನಿಮ್ಮಿಂದ ಆಗುವುದಾದರೆ ಬರೆಯಿರಿ. ನನಗಲ್ಲ, ಅವಳಿಗೆ. ದೊಡ್ಡ ಅಕ್ಷರದಲ್ಲಿ ಬರೆಯಿರಿ, ಈಗ ಕೂಡಿಸಿಕೊಂಡು ಓದುತ್ತಾಳೆ.