ಗುಡ್ಡದ ಮೇಲೆ ಕುಳಿತವನು

ಡ್ರೆಸ್ಡೆನ್
ನವೆಂಬರ್ ೨೦೦೨

ತಂಗಿ ಕೀರ್ತಿಯವರಿಗೆ,

ನೀವೂ ಮಗುವೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿದ್ದೆಯಲ್ಲೇ ಹೃದಯ ನಿಂತುಹೋದ ಪ್ರವೀಣಕುಮಾರನ ಶರೀರ ಊರು ಸೇರಲು ವಾರಗಳಾಗುವುದೆಂದು ತಿಳಿದು, ನಿಮ್ಮ ಮಾವ ಶಿವಪ್ಪನವರು ಮಗನನ್ನು ಇಲ್ಲೇ ಮಣ್ಣು ಮಾಡಲು ಹೇಳಿದರು. ಹಸಿ ಬಾಣಂತಿ ನೀವು ಬರುವಂತಿರಲಿಲ್ಲ. ಮಣ್ಣು ಮಾಡಿದ ದಿನ ಸಂಜೆ ಫೋನಿನಲ್ಲಿ ನೀವು ಒಂದೇ ಮಾತು ಕೇಳಿದಿರಿ: “ಅಣ್ಣಾರ, ಅವರನ್ನ ಕುಂದ್ರಿಸಿದ್ರೇನ್ರಿ?” ಬರೆದು ತಿಳಿಸುತ್ತೇನೆಂದು ಫೋನಿಟ್ಟೆ. ಅದಕ್ಕಾಗಿ ಈ ಪತ್ರ.

ಕುಳ್ಳಿರಿಸಲಾಗಲಿಲ್ಲ, ತಂಗಿ. ಲಿಂಗಾಯತರಲ್ಲಿ ತೀರಿಕೊಂಡವರನ್ನು ಕುಳಿತ ಭಂಗಿಯಲ್ಲೇ ಸಮಾಧಿ ಮಾಡುವರೆಂದು ಸ್ಮಶಾನದ ಕಚೇರಿಯಲ್ಲಿ ವಿವರಿಸಿದೆ. ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದೆ. ಅಲ್ಲಿಯ ಮಹಿಳೆ ಸಾವಧಾನವಾಗಿ ಕೇಳಿದರು. ಪೆಟ್ಟಿಗೆಯಲ್ಲಿ ಮಲಗಿಸಿಯೇ ಹೂಳಬೇಕೆಂಬುದು ಇಲ್ಲಿಯ ನಿಯಮವಂತೆ. ಮುಚ್ಚುವ ಮುನ್ನ ಅವನ ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು ಬೆರಳು ಮಡಿಚಿದೆ. ಅಷ್ಟು ಮಾತ್ರ ಆಯಿತು.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡ್ ಮೇಲೆ ಒಂದೇ ವಿಮಾನದಲ್ಲಿ ಬಂದವರು ನಾವು. ಏಪ್ರಿಲ್‌ನಲ್ಲಿ ಕಂಪನಿ ನಮ್ಮಿಬ್ಬರನ್ನೂ ತರಬೇತಿಗೆ ಐರ್ಲೆಂಡಿಗೆ ಕಳಿಸಿದ್ದು ನಿಮಗೆ ಗೊತ್ತು. ಅಲ್ಲಿ ಒಂದು ಭಾನುವಾರ ಕಡಲ ಪಕ್ಕದ ಗುಡ್ಡವೊಂದನ್ನು ಹತ್ತಿದೆವು. ಪ್ರವಾಸಿಗರು ಹೋಗುವ ಗುಡ್ಡವಲ್ಲ; ಫಲಕವೂ ಇರಲಿಲ್ಲ. ಹುಲ್ಲಿನಡಿಯ ನೆಲವೆಲ್ಲ ನೀರು ಕುಡಿದು ಸ್ಪಂಜಿನಂತಿತ್ತು. ಮೊಣಕಾಲವರೆಗೆ ಕೆಸರಿನಲ್ಲಿ ಹೂತವನು ಅವನು, ರೇಗಿಸಿದ್ದು ನನ್ನನ್ನು: “ನಿಮ್ಮ ಚಾಮುಂಡಿ ಬೆಟ್ಟಕ್ಕರ ಮೆಟ್ಟಲ ಅದಾವ್ರಿ ರಾಜಣ್ಣಾರ. ಇಲ್ಲಿ ಕುರಿ ಹೋಗಿದ್ದ ದಾರಿ.”

ತುದಿಯಲ್ಲಿ ನಿಲ್ಲಲಾಗದಷ್ಟು ಗಾಳಿ. ಯಾರೋ ಪೇರಿಸಿದ್ದ ಕಲ್ಲುರಾಶಿಯ ಮರೆಯಲ್ಲಿ ಅವನು ಕಾಲು ಮಡಿಚಿ ಕುಳಿತ. ಹೊರಡುವ ಅವಸರದಲ್ಲಿ ಬೆಳಗಿನ ಪೂಜೆ ತಪ್ಪಿತ್ತಂತೆ. ಬಾಟಲಿಯ ನೀರಿನಿಂದ ಕೈ ತೊಳೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಬೆನ್ನು ನೆಟ್ಟಗೆ, ದೃಷ್ಟಿ ಅಂಗೈಯಲ್ಲಿ. ಎದುರಿಗೆ ಅಷ್ಟು ದೊಡ್ಡ ಸಮುದ್ರವಿತ್ತು. ಅತ್ತ ನೋಡಲೇ ಇಲ್ಲ. ಪೂಜೆ ಮುಗಿದ ಮೇಲೂ ಏಳಲಿಲ್ಲ. ಮಳೆ ಬರುವಂತಿದೆ, ಇಳಿಯೋಣ ಎಂದೆ. “ಇನ್ನೊಂದೀಟು ಕುಂಡ್ರಾಕ ಬಿಡ್ರಿ,” ಎಂದ. ಮಗು ಹುಟ್ಟಿದ ಮೇಲೆ ನಿಮ್ಮನ್ನೂ ಅಲ್ಲಿಗೆ ಕರೆತರುವುದಾಗಿ ಹೇಳಿದ. ಮಳೆ ಬಂತು, ನಿಂತಿತು. ಅವನು ಕುಳಿತೇ ಇದ್ದ. ನಾನೂ ಪಕ್ಕದಲ್ಲಿ ಕುಳಿತೆ.

ಗುಡ್ಡದ ಮೇಲೆ ಹಾಗೆ ಕುಳಿತದ್ದು ಸಮಾಧಿಯಲ್ಲಿ ಕುಳ್ಳಿರಿಸುವುದಕ್ಕೆ ಸಮವೆಂದು ಹೇಳುವ ಅಧಿಕಾರ ನನಗಿಲ್ಲ. ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ನಿಮ್ಮ ಅತ್ತೆ ಅಂಬವ್ವನವರಿಗೆ ಈ ಪತ್ರವನ್ನು ಓದಿ ಹೇಳುವಾಗ ಪೆಟ್ಟಿಗೆಯಿಂದಲೋ ಗುಡ್ಡದಿಂದಲೋ, ಎಲ್ಲಿಂದ ಆರಂಭಿಸಬೇಕೆಂಬುದು ನಿಮಗೆ ಬಿಟ್ಟದ್ದು.

ಮಗು ನೂರ್ಕಾಲ ಬಾಳಲಿ.

ಅಣ್ಣನ ಸ್ಥಾನದಲ್ಲಿರುವ,
ರಾಜಣ್ಣ