ಬಾಗಿಲ ಮೇಲಿನ ಬಿಳಿ ಪಟ್ಟಿ

ನಗರದ ಆರೋಗ್ಯಾಧಿಕಾರಿಗಳೇ,

ನಮ್ಮ ಬೀದಿಯ ಪ್ರತಿ ಬಾಗಿಲ ಮೇಲೂ ನಿಮ್ಮ ಬಿಳಿ ಪಟ್ಟಿ ಇದೆ. ನಮ್ಮ ಮಕ್ಕಳು ನಿಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾರೆ. ಇವೆರಡರಲ್ಲಿ ಒಂದು ಸುಳ್ಳು. ಜ್ವರಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಪಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ. ಬೆರಳುದ್ದದ ಕಾಗದ, ಬೆಂಕಿಪೊಟ್ಟಣಕ್ಕಿಂತ ಅಗ್ಗ. ನೀರಿನಲ್ಲಿ ಅದ್ದಿಟ್ಟರೆ ಒಲೆಯ ಮೇಲಿನ ಅಡುಗೆ ಇಳಿಸುವಷ್ಟರಲ್ಲಿ ಉತ್ತರ ಹೇಳುತ್ತದೆ: ಹೇಸಿಗೆಯ ರೋಗಾಣು ಇದ್ದರೆ ಕೆಂಪು, ಇಲ್ಲದಿದ್ದರೆ ಬಿಳಿ. ದೊಡ್ಡ ಪ್ರಯೋಗಾಲಯ ದಿನಗಟ್ಟಲೆ ಕಾಯಿಸಿ ಹೇಳುವುದನ್ನು ಬಡವರ ಅಡುಗೆಮನೆಯಲ್ಲೇ ಹೇಳುವಂತೆ ಮಾಡಿದವರಿಗೆ ಕೈಮುಗಿಯುತ್ತೇನೆ. ಅದನ್ನು ತಿಂಗಳಿಗೊಮ್ಮೆ ಮನೆಯ ನೀರಿನಲ್ಲಿ ಅದ್ದಿ ಬಾಗಿಲಿಗೆ ಅಂಟಿಸಿ ಎಂದು ಆಜ್ಞೆ ಹೊರಡಿಸಿದ ಮಹಾನುಭಾವರು ಯಾರು ಸ್ವಾಮಿ?

ಮೊದಲ ತಿಂಗಳು ಬೀದಿಗೆ ಬೀದಿಯೇ ಕೆಂಪಾಯಿತು. ಆಗಲೇಬೇಕಿತ್ತು. ನಮ್ಮ ನೀರಿನ ಕೊಳವೆ ಚರಂಡಿಯೊಳಗೇ ಹಾದುಬರುತ್ತದೆ, ಅದರ ಕೀಲು ಬಿಟ್ಟು ಎಷ್ಟೋ ಕಾಲವಾಗಿದೆ. ನಿಮ್ಮ ಇನ್‌ಸ್ಪೆಕ್ಟರು ಬಂದರು. ಕೊಳವೆಯ ಕಡೆ ತಿರುಗಿಯೂ ನೋಡದೆ, ನನ್ನ ಅತ್ತಿಗೆಯ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, "ಏನಮ್ಮಾ, ಕೊಡ ತೊಳೆಯೋ ಅಭ್ಯಾಸ ಇಲ್ವಾ ನಿಮ್ಮನೇಲಿ?" ಎಂದರು. ಎದುರುಮನೆಯಾಕೆ ಕಿಸಕ್ಕೆಂದಳು. ಅವಳ ಬಾಗಿಲೂ ಕೆಂಪೇ. ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೆ.

ಮರುತಿಂಗಳು ಅತ್ತಿಗೆ ಒಂದು ಲೋಟ ನೀರು ಕುದಿಸಿ, ಆರಿಸಿ, ಪಟ್ಟಿಯನ್ನು ಅದರಲ್ಲಿ ಅದ್ದಿದರು. ಬಾಗಿಲು ಬೆಳ್ಳಗಾಯಿತು. ಎದುರುಮನೆಯಾಕೆ ಓಡಿಬಂದು ಗುಟ್ಟು ಕೇಳಿದಳು.

"ಗುಟ್ಟೇನು ಬಂತು, ಕುದಿಸಿದ್ದು ಕಣೇ. ಕೊಡಗಟ್ಟಲೆ ಕುದಿಸೋಕೆ ಗ್ಯಾಸು ನಿಮ್ಮಪ್ಪ ತಂದ್ಕೊಡ್ತಾನಾ? ಪಟ್ಟಿಗೆ ಒಂದು ಲೋಟ ಸಾಕು."

"ಕಟ್ಕೊಂಡ ಗಂಡನಿಗೇ ಕಾಯಿಸಿದ ನೀರು ಕೊಟ್ಟೋಳಲ್ಲ ನಾನು. ಈ ಕಾಗದಕ್ಕೆ ಬಂತು ನೋಡು ಯೋಗ."

ಇಬ್ಬರೂ ನಕ್ಕರು. ಆ ನಗು ಮನೆಯಿಂದ ಮನೆಗೆ ಹೋಯಿತು, ಬೀದಿಯೆಲ್ಲ ಬಿಳಿಯಾಯಿತು. ಕಾಗದ ಕುದಿಸಿದ ನೀರು ಕುಡಿಯಿತು, ಮಕ್ಕಳು ನಲ್ಲಿಯ ನೀರು ಕುಡಿದರು.

ನೀವೇನು ಮಾಡಿದಿರಿ? 'ಮಾದರಿ ಬೀದಿ' ಎಂದು ಬೋರ್ಡು ನೆಟ್ಟಿರಿ. ಮಾದರಿ ಬೀದಿಗೆ ರಿಪೇರಿ ಯಾಕೆ ಎಂದು ಕೊಳವೆಯ ಕೆಲಸವನ್ನೇ ಕೈಬಿಟ್ಟಿರಿ.

ಅತ್ತಿಗೆಯ ಮಗಳನ್ನು ಜ್ವರದಲ್ಲಿ ಹೊತ್ತೊಯ್ದಾಗ ವಾರ್ಡಿನ ಡಾಕ್ಟರು ಮೊದಲು ಕೇಳಿದ್ದೇ ಮನೆಯ ನೀರಿನ ಬಗ್ಗೆ. ನನ್ನ ಅಣ್ಣ ಎದೆಯುಬ್ಬಿಸಿ, "ಬಿಳಿ ಬಂದಿದೆ ಸಾರ್, ಬೇಕಾದ್ರೆ ನಮ್ಮ ಬಾಗಿಲು ಬಂದು ನೋಡಿ" ಎಂದ. ಡಾಕ್ಟರು ನೀರನ್ನು ಬಿಟ್ಟು ಬೇರೆ ಕಾರಣ ಹುಡುಕತೊಡಗಿದರು. ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೊರಗಿ ನಿಂತಿದ್ದರು. ಮಗುವಿನ ಹೊಟ್ಟೆ ಕಲ್ಲಿನಂತಾದ ದಿನ ನರ್ಸಿನ ಕೈ ಹಿಡಿದುಕೊಂಡರು. "ಅದು ಕುದಿಸಿದ ನೀರು ಸಿಸ್ಟರ್. ಇವಳು ಕುಡಿದಿದ್ದು ಅದಲ್ಲ."

ಔಷಧಿ ಬದಲಾಯಿತು. ಮಗು ಇನ್ನೂ ಕಣ್ಣು ಬಿಟ್ಟಿಲ್ಲ. ಪಕ್ಕದ ಹಾಸಿಗೆಗೆ ಎದುರುಮನೆಯಾಕೆಯ ಮಗ ಬಂದಿದ್ದಾನೆ.

ತಪ್ಪು ಹೆಂಗಸರದೇ ಎನ್ನುತ್ತೀರಿ, ಗೊತ್ತು. ಹೌದು, ಸುಳ್ಳು ಅವರದು. ಆ ಸುಳ್ಳಿಗೆ ಬೋರ್ಡು ನೆಟ್ಟವರು ಯಾರು? ರೋಗ ಅಳೆಯುವ ಕಾಗದದಿಂದ ಮನೆತನದ ಮರ್ಯಾದೆ ಅಳೆದವರು ಯಾರು? ಕನ್ನಡಿಗೆ ಸುಣ್ಣ ಬಳಿಸಿ ಮುಖ ಬೆಳ್ಳಗಾಯಿತು ಎನ್ನುವ ಆಡಳಿತ ನಿಮ್ಮದು. ಈಗ ಊರಿಗೆಲ್ಲ ಇದೇ ಕ್ರಮವಂತೆ. ಆಸ್ಪತ್ರೆಯಲ್ಲಿ ಅಷ್ಟು ಹಾಸಿಗೆಗಳಿವೆಯೇ?

ಬಾಗಿಲ ಪಟ್ಟಿಗಳನ್ನು ಇಂದೇ ಕೀಳಿಸಿ. ಪಟ್ಟಿಯನ್ನು ನಮ್ಮ ಕೊಡಕ್ಕಲ್ಲ, ನಿಮ್ಮ ನಲ್ಲಿಯ ಬಾಯಿಗೆ ಹಿಡಿಯಿರಿ, ಎಲ್ಲರ ಎದುರಿಗೆ. ಕೆಂಪಾದದ್ದನ್ನು ನಿಮ್ಮ ಕಚೇರಿಯ ಬಾಗಿಲಿಗೆ ಅಂಟಿಸಿ, ಕೊಳವೆ ಸರಿಯಾಗುವ ತನಕ ಕೀಳಬೇಡಿ. ತಡಮಾಡಿದರೆ ನಾವೇ ತಂದು ಅಂಟಿಸುತ್ತೇವೆ.

ವಾರ್ಡಿನ ಹೊದಿಕೆಯೂ ಬಿಳಿಯೇ ಸ್ವಾಮಿ. ಸದ್ಯ ಅದು ಮಗುವಿನ ಕುತ್ತಿಗೆಯವರೆಗೆ ಇದೆ. ಮುಖದವರೆಗೆ ಎಳೆಯುವ ಮೊದಲು ಬನ್ನಿ.

ಇಂತಿ,
ನಿಮ್ಮ ಬೋರ್ಡಿನ ನೆರಳಲ್ಲೇ ನೀರು ಹಿಡಿಯುವ,
ಆ ಮಗುವಿನ ಚಿಕ್ಕಪ್ಪ